ಗಡಿಯ ಸುದ್ದಿ, ನಾಲೆಯ ನೀರು, ಇಂಗ್ಲಿಷಿನ ಪದ

'ಟೆನ್ಷನ್' ಎಂಬ ಇಂಗ್ಲಿಷ್ ಪದವನ್ನು ಮಂಡ್ಯ ಸೀಮೆಯಲ್ಲಿ ಯಾರೂ ನಿಘಂಟು ನೋಡಿ ಕಲಿತವರಲ್ಲ. ಮಗಳ ಮದುವೆ, ಮಗನ ಪರೀಕ್ಷೆ, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಾಕಿ ಇವುಗಳ ಜೊತೆಯಲ್ಲಿ ಅದು ಮನೆಯೊಳಗೆ ಬಂದು, ಈಗ ಅಜ್ಜಿಯರ ಮಾತಿನಲ್ಲೂ ಸಲೀಸಾಗಿ ಸುಳಿದಾಡುತ್ತದೆ. ಆದರೆ ಇದೇ ಪದವು ದಿನಪತ್ರಿಕೆಯ ಮೊದಲ ಪುಟದಲ್ಲಿ ಎರಡು ದೇಶಗಳ ಹೆಸರುಗಳ ನಡುವೆ ನಿಂತಾಗ ಅದರ ಸ್ವರೂಪವೇ ಬೇರೆ. ಕನ್ನಡ ಪತ್ರಿಕೆಗಳು ಅದನ್ನು 'ಉದ್ವಿಗ್ನ ಸ್ಥಿತಿ' ಎನ್ನುತ್ತವೆ. ಎಳೆದು ಬಿಗಿಗೊಳಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ 'ಟೆನ್ಷನ್' ಪದದಲ್ಲಿ ಎರಡು ತುದಿಗಳ ಕಲ್ಪನೆ ಅಡಗಿದೆ. ಹಗ್ಗ ಬಿಗಿಯಾಗಬೇಕಾದರೆ ಎರಡೂ ಕಡೆಯಿಂದ ಎಳೆತವಿರಬೇಕು. 'ಉದ್ವಿಗ್ನ' ಎಂಬ ಸಂಸ್ಕೃತ ಪದದಲ್ಲಿರುವುದಾದರೋ ಒಂದೇ ಮನಸ್ಸಿನ ನಡುಕ. ಹೀಗೆ ಒಂದು ಪದ ಇನ್ನೊಂದು ಭಾಷೆಗೆ ದಾಟುವಾಗ ಹಗ್ಗದ ಒಂದು ತುದಿ ಕೈಬಿಟ್ಟುಹೋಗುವುದುಂಟು. ನೆರೆಯ ದೇಶಗಳ ವೈಮನಸ್ಯದ ಸುದ್ದಿಗಳನ್ನು ಓದಿ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳುವ ವಿದ್ಯಾರ್ಥಿಗೆ ಎದುರಾಗುವ ಮುಖ್ಯ ತೊಡಕು ಇದೇ ಆಗಿದೆ.

ಇಂಗ್ಲಿಷ್ ಪತ್ರಿಕೆಯನ್ನು ಮುಂದಿಟ್ಟುಕೊಂಡು ದಿನಕ್ಕೆ ಐದು ಹೊಸ ಪದಗಳನ್ನು ಬರೆದುಕೊಳ್ಳಬೇಕೆಂಬುದು ಮಂಡ್ಯ, ಮದ್ದೂರು, ಮಳವಳ್ಳಿಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಉಪಾಧ್ಯಾಯರು ತಲೆಮಾರುಗಳಿಂದ ಹೇಳುತ್ತ ಬಂದ ಮಾತು. 1948ರಲ್ಲಿ ಆರಂಭವಾದ 'ಡೆಕ್ಕನ್ ಹೆರಾಲ್ಡ್' ಅಥವಾ ಮದರಾಸಿನ 'ದಿ ಹಿಂದೂ' ಈ ಅಭ್ಯಾಸದ ಪಠ್ಯವಾಗಿದ್ದವು. ಇಂದು ಬ್ಯಾಂಕಿನ ಪರೀಕ್ಷೆಗೋ ಆಡಳಿತ ಸೇವೆಯ ಪರೀಕ್ಷೆಗೋ ಸಿದ್ಧರಾಗುವವರು ಅದನ್ನೇ ಮೊಬೈಲಿನಲ್ಲಿ ಮಾಡುತ್ತಾರೆ. ಈ ಅಭ್ಯಾಸದಲ್ಲಿ ಕ್ರಿಕೆಟ್ಟಿನ ಪುಟವನ್ನು ಬಿಟ್ಟರೆ ಅತಿ ಹೆಚ್ಚು ಫಲ ಕೊಡುವುದು ಗಡಿಯ ಸುದ್ದಿ. ಇದಕ್ಕೆ ಕಾರಣಗಳಿವೆ. ಒಂದು ಬಿಕ್ಕಟ್ಟು ತಲೆದೋರಿದಾಗ ಹದಿನೈದು ಇಪ್ಪತ್ತು ದಿನ ಅವೇ ಮೂವತ್ತು ನಲವತ್ತು ಪದಗಳು ಮರಳಿ ಮರಳಿ ಬರುತ್ತವೆ. ಅದೇ ಸುದ್ದಿಯನ್ನು ವಿದ್ಯಾರ್ಥಿಯು ಬೆಳಿಗ್ಗೆ ಕನ್ನಡದಲ್ಲಿ ಓದಿರುತ್ತಾನೆ ಅಥವಾ ಪ್ರದೇಶ ಸಮಾಚಾರದಲ್ಲಿ ಕೇಳಿರುತ್ತಾನೆ. ಆದುದರಿಂದ ಅರ್ಥವನ್ನು ಊಹಿಸಲು ಆಧಾರವಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮುಂದೇನಾಯಿತು ಎಂಬ ಕಾತರ ಓದನ್ನು ಎಳೆದುಕೊಂಡು ಹೋಗುತ್ತದೆ. ವ್ಯಾಕರಣದ ಪುಸ್ತಕ ಮಾಡಲಾರದ ಕೆಲಸವನ್ನು ಈ ಕಾತರ ಮಾಡುತ್ತದೆ.

ಹೀಗಾಗಿ ಪ್ರತಿ ತಲೆಮಾರಿಗೂ ಅದರದೇ ಆದ ಒಂದು ಪದಪಟ್ಟಿ ದೊರಕಿದೆ. ಮಂಡ್ಯದಲ್ಲಿ ಕೆ. ವಿ. ಶಂಕರಗೌಡರ ಪ್ರಯತ್ನದಿಂದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಆರಂಭವಾದ 1962ರಲ್ಲೇ ಚೀನಾದೊಡನೆ ಯುದ್ಧ ನಡೆಯಿತು. ಅಕ್ಟೋಬರ್ 20ರಂದು ಆರಂಭವಾದ ಆ ಯುದ್ಧ 'ಅಗ್ರೆಶನ್', 'ಮೆಕ್‌ಮೋಹನ್ ಲೈನ್', 'ಎಮರ್ಜೆನ್ಸಿ' ಎಂಬ ಪದಗಳನ್ನು ತಂದಿತು. ನವೆಂಬರ್ 21ರಂದು ಚೀನಾ ತಾನಾಗಿಯೇ ಸಾರಿದ ಕದನ ವಿರಾಮದಿಂದ 'ಯೂನಿಲ್ಯಾಟರಲ್' ಎಂಬ ವಿಶೇಷಣ ಬಂದಿತು. 1965 ಮತ್ತು 1971ರ ಯುದ್ಧಗಳು 'ಬ್ಲ್ಯಾಕ್‌ಔಟ್', 'ಅಲ್ಟಿಮೇಟಮ್', 'ಸರೆಂಡರ್' ಎಂಬವನ್ನು ಕೊಟ್ಟವು. 1999ರ ಕಾರ್ಗಿಲ್‌ನಿಂದ 'ಇನ್‌ಫಿಲ್ಟ್ರೇಟರ್' ಎಂಬ ಪದ ಬಂದಿತು. ಅದಕ್ಕೆ ಕನ್ನಡ ಪತ್ರಿಕೆಗಳು ಬಳಸಿದ 'ನುಸುಳುಕೋರ' ಎಂಬುದು ಮೂಲಕ್ಕಿಂತ ಚುರುಕಾದ, ಬೇಲಿಯ ಸಂದಿಯನ್ನೇ ಕಣ್ಮುಂದೆ ತರುವ ಪದ. 2020ರ ಜೂನ್ 15ರ ಗಲ್ವಾನ್ ಘರ್ಷಣೆಯ ತರುವಾಯ 'ಡಿಸ್‌ಎಂಗೇಜ್‌ಮೆಂಟ್', 'ಡಿ-ಎಸ್ಕಲೇಶನ್' ಎಂಬ ಉದ್ದನೆಯ ಪದಗಳು ಬಂದವು. ಒಬ್ಬ ವ್ಯಕ್ತಿಯ ಇಂಗ್ಲಿಷ್ ಪದಗಳ ಹಳೆಯ ನೋಟ್‌ಬುಕ್ಕನ್ನು ತೆರೆದರೆ, ಅವನು ಯಾವ ವರ್ಷಗಳಲ್ಲಿ ಹೈಸ್ಕೂಲಿನಲ್ಲಿದ್ದನೆಂಬುದನ್ನು ಬಹುಮಟ್ಟಿಗೆ ಹೇಳಿಬಿಡಬಹುದು.

ಇಂಥ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಎರಡು ಅಂಕಣಗಳಿರುತ್ತವೆ: ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ನಡುವಿನ ಗೆರೆಯು ಎರಡೂ ಸಮವೆಂದು ಸಾರುವಂತಿರುತ್ತದೆ. ಆದರೆ ಸೂಕ್ಷ್ಮವಾಗಿ ಪರಿಶೀಲಿಸಿದರೆ ಅವು ಸಮವಲ್ಲ. 'ಸೀಸ್‌ಫೈರ್' ಎಂದರೆ ಗುಂಡು ಹಾರಿಸುವುದನ್ನು ನಿಲ್ಲಿಸು ಎಂಬಷ್ಟೇ ಅರ್ಥ. ಅದು ಕೈಯ ಕೆಲಸಕ್ಕೆ ಸಂಬಂಧಿಸಿದ್ದು. 'ಕದನ ವಿರಾಮ'ದಲ್ಲಿರುವ ವಿರಾಮವಾದರೋ ನಾಟಕದ ಅಂಕಗಳ ನಡುವಣ ಬಿಡುವಿನಂತೆ, ಮುಂದೆ ಮತ್ತೆ ಪರದೆ ಏಳುವುದೆಂಬ ಸೂಚನೆಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಇದಕ್ಕಿಂತ ಗಮನಾರ್ಹವಾದುದು 'ಲೈನ್ ಆಫ್ ಕಂಟ್ರೋಲ್' ಎಂಬ ಪದಪುಂಜ. 1972ರ ಜುಲೈ 2ರ ಸಿಮ್ಲಾ ಒಪ್ಪಂದದಿಂದ ರೂಢಿಗೆ ಬಂದ ಈ ಹೆಸರಿನಲ್ಲಿ 'ಬಾರ್ಡರ್' ಎಂಬ ಪದವನ್ನು ಬೇಕೆಂದೇ ಬಿಡಲಾಗಿದೆ. ಅದನ್ನು ಅಂತಿಮ ಗಡಿಯೆಂದು ಯಾವ ಪಕ್ಷವೂ ಒಪ್ಪಿಲ್ಲ. ಕನ್ನಡದಲ್ಲಿ ಅದು 'ಗಡಿ ನಿಯಂತ್ರಣ ರೇಖೆ' ಎಂದಾಗಿದೆ. ಇಂಗ್ಲಿಷ್ ಎಚ್ಚರದಿಂದ ಹೊರಗಿಟ್ಟ 'ಗಡಿ'ಯನ್ನು ಕನ್ನಡ ಸಹಜವೆಂಬಂತೆ ಒಳಕ್ಕೆ ಕರೆದುಕೊಂಡಿದೆ. ಚೀನಾದ ಕಡೆಯ 'ಲೈನ್ ಆಫ್ ಆಕ್ಚುಅಲ್ ಕಂಟ್ರೋಲ್' ಎಂಬುದರಲ್ಲಿ ಸೇರಿರುವ 'ಆಕ್ಚುಅಲ್' ಎಂಬ ಒಂದೇ ಪದಕ್ಕೆ ಎಷ್ಟು ಭಾರವಿದೆಯೆಂಬುದು, ಎರಡೂ ರೇಖೆಗಳನ್ನು ಒಂದೇ ಹೆಸರಿನಿಂದ ಕರೆಯುವ ಓದುಗನಿಗೆ ತಿಳಿಯುವುದಿಲ್ಲ.

ರಾಜತಂತ್ರದ ಭಾಷೆಯಲ್ಲಿ ಒಂದು ಪದದ ಆಯ್ಕೆಯೇ ಒಂದು ನಿಲುವು ಎಂಬುದಕ್ಕೆ ಇತ್ತೀಚಿನ ನಿದರ್ಶನವನ್ನೇ ನೋಡಬಹುದು. 2025ರ ಮೇ 10ರಂದು ಅಮೆರಿಕದ ಅಧ್ಯಕ್ಷರು ಭಾರತ ಮತ್ತು ಪಾಕಿಸ್ತಾನಗಳು 'ಸೀಸ್‌ಫೈರ್'ಗೆ ಒಪ್ಪಿವೆಯೆಂದು ಪ್ರಕಟಿಸಿದರು. ಅದೇ ಸಂಜೆ ಭಾರತದ ಅಧಿಕೃತ ಹೇಳಿಕೆಗಳು ಬಳಸಿದ ಪದ 'ಅಂಡರ್‌ಸ್ಟ್ಯಾಂಡಿಂಗ್'. ಮೂರನೆಯವರು ಏರ್ಪಡಿಸಿದ ಒಪ್ಪಂದವಲ್ಲ, ಇಬ್ಬರು ಸೇನಾಧಿಕಾರಿಗಳ ನೇರ ಮಾತಿನಿಂದ ಬಂದ ಹೊಂದಾಣಿಕೆ ಎಂಬ ಇಂಗಿತ ಆ ಆಯ್ಕೆಯಲ್ಲಿತ್ತು. ಮರುದಿನದ ಕನ್ನಡ ಓದುಗನಿಗೆ ಕಂಡದ್ದು ಬಹುತೇಕ 'ಕದನ ವಿರಾಮ'ವೇ. ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗೆ 'ಅಂಡರ್‌ಸ್ಟ್ಯಾಂಡಿಂಗ್' ಎಂದರೆ ತಿಳಿವಳಿಕೆ ಎಂದು ಐದನೆಯ ತರಗತಿಯಿಂದಲೂ ಗೊತ್ತಿತ್ತು. ಅದು ಹೊಸ ಪದವೇ ಅಲ್ಲವೆಂದು ಅವನು ಬರೆದುಕೊಳ್ಳದೆ ಮುಂದೆ ಹೋಗಿರಬಹುದು. ಆ ದಿನ ಕಲಿಯಬೇಕಾಗಿದ್ದುದು ಆ ಹಳೆಯ ಪದವನ್ನೇ.

ಇಲ್ಲಿಯವರೆಗಿನ ಮಾತು ಯಾವ ಊರಿನ ವಿದ್ಯಾರ್ಥಿಗಾದರೂ ಅನ್ವಯಿಸೀತು. ಮಂಡ್ಯ ಸೀಮೆಯ ವಿಶೇಷವೆಂದರೆ, ಇಲ್ಲಿನವರಿಗೆ ನೆರೆಹೊರೆಯ ಜಗಳದ ಇಂಗ್ಲಿಷ್ ಕೇವಲ ದೂರದ ಗಡಿಯಿಂದ ಬಂದದ್ದಲ್ಲ. ಅದು ಕಾವೇರಿಯ ನೀರಿನ ಜೊತೆಯಲ್ಲಿಯೂ ಬಂದಿದೆ. 'ಕ್ಯೂಸೆಕ್' ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, 'ಟಿಎಂಸಿ' ಎಂದರೆ ನೂರು ಕೋಟಿ ಘನ ಅಡಿ ಎಂಬುದನ್ನು ಅಕ್ಷರ ಬಾರದ ರೈತನೂ ಇಲ್ಲಿ ಬಲ್ಲ. 1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ರಚನೆಯಾದ ಬಳಿಕ 'ಟ್ರಿಬ್ಯೂನಲ್' ಎಂಬುದು ಹಳ್ಳಿಯ ಚಹಾದಂಗಡಿಯ ಪದವಾಯಿತು. 1991ರ ಜೂನ್ 25ರ ಮಧ್ಯಂತರ ಆದೇಶ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದಾಗ 'ಇಂಟೆರಿಮ್' ಎಂಬ ಪದ ಬಂದಿತು. 2002ರಲ್ಲಿ ನೀರಿನ ವಿಚಾರ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿಸಿಯೇರಿದಾಗ 'ಕಂಟೆಂಪ್ಟ್' ಬಂದಿತು. ತಿರಸ್ಕಾರ ಎಂದು ನಿಘಂಟಿನಲ್ಲಿ ಓದಿದವರು, ನ್ಯಾಯಾಲಯದ ಆಜ್ಞೆಯನ್ನು ಪಾಲಿಸದಿರುವುದಕ್ಕೂ ಅದೇ ಪದವೆಂದು ಆಗ ಅರಿತರು. 2007ರ ಅಂತಿಮ ತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ಹಂಚಿತು; 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು 284.75ಕ್ಕೆ ಏರಿಸಿತು. 'ಅವಾರ್ಡ್' ಎಂದರೆ ಬಹುಮಾನ ಮಾತ್ರವಲ್ಲ, ಪಾಲು ಕಳೆದುಕೊಂಡವನಿಗೂ ಕೊಡುವ ತೀರ್ಪು ಎಂಬುದು ಈ ಸೀಮೆಯ ಮಕ್ಕಳಿಗೆ ಬೇಗನೆ ತಿಳಿಯಿತು. ಇದೇ 'ಟ್ರಿಬ್ಯೂನಲ್', ಇದೇ 'ಅವಾರ್ಡ್' ಎಂಬ ಪದಗಳು ಕಛ್‌ನ ರಣ ಪ್ರದೇಶದ ಗಡಿಯ ಬಗ್ಗೆ ಭಾರತ ಮತ್ತು ಪಾಕಿಸ್ತಾನಗಳ ನಡುವೆ 1968ರಲ್ಲಿ ಬಂದ ತೀರ್ಪಿನಲ್ಲೂ ಇದ್ದವು.

ಎರಡು ಬಗೆಯ ನೆರೆಹೊರೆಯ ಸುದ್ದಿಗಳು ಒಂದೇ ಪುಟದಲ್ಲಿ ಕೂಡಿಕೊಂಡದ್ದು 2016ರ ಸೆಪ್ಟೆಂಬರಿನಲ್ಲಿ. ಆ ತಿಂಗಳ 5ರಂದು, ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯೂಸೆಕ್ ನೀರು ಹರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಮರುದಿನ ಮಂಡ್ಯ ಬಂದ್ ಆಯಿತು. 12ರಂದು ಆದೇಶ ಮಾರ್ಪಟ್ಟಿತು. ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. 18ರಂದು ಉರಿಯ ಸೇನಾ ಶಿಬಿರದ ಮೇಲೆ ದಾಳಿಯಾಯಿತು. 26ರಂದು ಸಿಂಧೂ ಜಲ ಒಪ್ಪಂದದ ಪರಾಮರ್ಶೆ ನಡೆದು, ರಕ್ತ ಮತ್ತು ನೀರು ಒಟ್ಟಿಗೆ ಹರಿಯಲಾರವೆಂಬ ಮಾತು ದೇಶದಾದ್ಯಂತ ಸುದ್ದಿಯಾಯಿತು. 29ರಂದು 'ಸರ್ಜಿಕಲ್ ಸ್ಟ್ರೈಕ್' ಎಂಬ ಪದಪುಂಜ ಮನೆಮಾತಾಯಿತು. ಶಸ್ತ್ರವೈದ್ಯನ ಕೈಚಳಕವನ್ನು ಸೂಚಿಸುವ ಆ ವಿಶೇಷಣವು ಕನ್ನಡದ 'ನಿರ್ದಿಷ್ಟ ದಾಳಿ'ಯಲ್ಲಿ ಉಳಿಯಲಿಲ್ಲ. ಜನ ಇಂಗ್ಲಿಷನ್ನೇ ಇಟ್ಟುಕೊಂಡರು. ಆ ತಿಂಗಳ ಪತ್ರಿಕೆಗಳನ್ನು ಓದಿ ಪದಗಳನ್ನು ಬರೆದುಕೊಂಡ ಮಳವಳ್ಳಿಯ ವಿದ್ಯಾರ್ಥಿಗೆ 'ಅಪ್ಪರ್ ರೈಪೇರಿಯನ್', 'ಲೋಯರ್ ರೈಪೇರಿಯನ್' ಎಂಬ ಜೋಡಿ ಎರಡು ಸುದ್ದಿಗಳಲ್ಲಿಯೂ ಸಿಕ್ಕಿರುತ್ತದೆ. ನದಿಯ ಮೇಲ್ದಂಡೆಯವನು ಮತ್ತು ಕೆಳದಂಡೆಯವನು ಎಂಬುದು ಇವುಗಳ ತಾತ್ಪರ್ಯ.

ಈ ಜೋಡಿಪದವನ್ನು ಮಳವಳ್ಳಿಯವನಷ್ಟು ಚೆನ್ನಾಗಿ ಅರಿಯಬಲ್ಲವರು ವಿರಳ. ಕನ್ನಂಬಾಡಿಯಿಂದ ಹೊರಟು ಹುಲಿಕೆರೆಯ ಸುರಂಗವನ್ನು ದಾಟಿ ಬರುವ ವಿಶ್ವೇಶ್ವರಯ್ಯ ನಾಲೆ, ಹಿರಿಯರ ಬಾಯಲ್ಲಿ ಇರ್ವಿನ್ ನಾಲೆ, ಮಂಡ್ಯದ ಗದ್ದೆಗಳನ್ನು ತಣಿಸಿ ಮದ್ದೂರು, ಮಳವಳ್ಳಿಗಳ ಕೊನೆಯ ಭಾಗವನ್ನು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. 'ಟೈಲ್ ಎಂಡ್' ಎಂಬ ಇಂಗ್ಲಿಷ್ ಪದ ಇಲ್ಲಿ ಕನ್ನಡವೇ ಆಗಿಹೋಗಿದೆ. ಕಟ್ಟು ಪದ್ಧತಿಯಲ್ಲಿ ಸರದಿಯ ಮೇಲೆ ನೀರು ಬಿಡುವ ವರ್ಷಗಳಲ್ಲಿ, "ಮೇಲಿನೋರು ತೂಬು ಮುಚ್ಚೋ ಗಂಟ ನಮಗೆಲ್ಲಿ ನೀರು?" ಎಂಬ ಮಾತು ಇಲ್ಲಿ ಸಾಮಾನ್ಯ. ಸೌಡಿಯ ಕಣ್ಣು ತಪ್ಪಿಸಿ ರಾತ್ರಿಯಲ್ಲಿ ತೂಬು ಎತ್ತಿದರೆಂಬ ಜಗಳಗಳೂ ಅಪೂರ್ವವಲ್ಲ. ಹೀಗೆ ಮಳವಳ್ಳಿಯ ರೈತನು ನಾಲೆಯ ಮಟ್ಟಿಗೆ ಕೆಳದಂಡೆಯವನು. ಅದೇ ರೈತ ಕಾವೇರಿಯ ಮಟ್ಟಿಗೆ ತಂಜಾವೂರಿನವನಿಗೆ ಮೇಲ್ದಂಡೆಯವನು. ಸಿಂಧೂವಿನ ವಿಷಯದಲ್ಲಿ ಭಾರತದ ಪ್ರಜೆಯಾಗಿ ಮತ್ತೆ ಮೇಲ್ದಂಡೆಯವನು. ಬ್ರಹ್ಮಪುತ್ರದ ವಿಷಯಕ್ಕೆ ಬಂದರೆ ಚೀನಾಕ್ಕೆ ಕೆಳದಂಡೆಯವನು. ಒಂದೇ ದಿನ ಒಂದೇ ಮನುಷ್ಯ ನಾಲ್ಕು ಸ್ಥಾನಗಳಲ್ಲಿ ನಿಲ್ಲುತ್ತಾನೆ. ಮೇಲಿದ್ದಾಗ 'ನಮ್ಮ ಹಕ್ಕು' ಎನಿಸುವುದು, ಕೆಳಗಿದ್ದಾಗ 'ಅವರ ದಬ್ಬಾಳಿಕೆ' ಎನಿಸುತ್ತದೆ. ಪದ ಬದಲಾಗಿಲ್ಲ, ನಿಂತ ನೆಲ ಬದಲಾಗಿದೆ.

ಇಂಗ್ಲಿಷಿನ ಒಂದು ಪದದ ಚರಿತ್ರೆ ಈ ಸಂಗತಿಗೆ ಸೊಗಸಾದ ಸಾಕ್ಷಿಯಾಗಿದೆ. ಎದುರಾಳಿ ಎಂಬ ಅರ್ಥದ 'ರೈವಲ್' ಪದ ಹುಟ್ಟಿದ್ದು ತೊರೆ, ಕಾಲುವೆ ಎಂಬ ಅರ್ಥವುಳ್ಳ 'ರೀವುಸ್' ಎಂಬ ಲ್ಯಾಟಿನ್ ಪದದಿಂದ. 'ರೀವಾಲಿಸ್' ಎಂದರೆ ಮೂಲತಃ ಒಂದೇ ಕಾಲುವೆಯ ನೀರನ್ನು ಬಳಸುವವನು. ಪಾಲುಗಾರನೇ ಕಾಲಕ್ರಮದಲ್ಲಿ ಪ್ರತಿಸ್ಪರ್ಧಿಯಾದ. ಮೂಲದಿಂದ ಪಡೆ ಎಂಬ ಅರ್ಥದ 'ಡಿರೈವ್' ಕೂಡ ತೊರೆಯಿಂದ ನೀರನ್ನು ಕವಲೊಡೆಸಿ ತರುವುದರಿಂದ ಬಂದದ್ದು. ಕನ್ನಡದಲ್ಲಾದರೋ 'ನೆರೆ' ಎಂದರೆ ಪಕ್ಕದ ಮನೆ. 'ನೆರೆ' ಎಂದರೆ ಪ್ರವಾಹವೂ ಹೌದು. ಎರಡೂ ಬೇರೆ ಬೇರೆ ಪದಗಳಾದರೂ ಉಚ್ಚಾರದಲ್ಲಿ ಒಂದೇ ಆಗಿವೆ. ನಾಲೆಯ ಬದುವಿನ ಮೇಲೆ ಬೆಳೆದ ವಿದ್ಯಾರ್ಥಿಗೆ 'ರೈವಲ್' ಪದದ ಈ ವ್ಯುತ್ಪತ್ತಿಯನ್ನು ಹೇಳಿಕೊಟ್ಟರೆ ಅವನು ಅದನ್ನು ಮರೆಯುವುದು ಸಾಧ್ಯವಿಲ್ಲ. ಗಂಗೆ, ಸಿಂಧೂ, ಕಾವೇರಿಗಳ ಸುದ್ದಿಯಲ್ಲಿ ಆ ಪದ ಮತ್ತೆ ಕಂಡಾಗ ಅವನಿಗೆ ಶತ್ರುವಿನ ಜೊತೆಗೆ ಪಾಲುಗಾರನೂ ಕಾಣುತ್ತಾನೆ.

ಕಾವೇರಿಯ ಜಗಳದಲ್ಲಿ ಆ ಪಾಲುಗಾರನ ಮುಖ ಕಾಣದೆ ಹೋದ ದಿನಗಳೂ ಇವೆ. 1991ರ ಡಿಸೆಂಬರಿನಲ್ಲಿ ಮಧ್ಯಂತರ ಆದೇಶ ರಾಜಪತ್ರದಲ್ಲಿ ಪ್ರಕಟವಾದ ಬೆನ್ನಲ್ಲೇ ಬೆಂಗಳೂರು ಮತ್ತು ದಕ್ಷಿಣ ಕರ್ನಾಟಕದ ಕೆಲವೆಡೆ ತಮಿಳು ಭಾಷಿಕರ ಮೇಲೆ ಹಲ್ಲೆಗಳಾದವು. ಅನೇಕ ಕುಟುಂಬಗಳು ಊರು ಬಿಟ್ಟವು. ಇಂಗ್ಲಿಷ್ ಪತ್ರಿಕೆಗಳು ಅದಕ್ಕೆ 'ಎಕ್ಸೊಡಸ್' ಎಂಬ ಪದವನ್ನೂ, ಪೊಲೀಸರ ಆದೇಶಕ್ಕೆ 'ಕರ್ಫ್ಯೂ' ಎಂಬ ಪದವನ್ನೂ ಬಳಸಿದವು. 'ಕರ್ಫ್ಯೂ' ಎಂಬುದರ ಫ್ರೆಂಚ್ ಮೂಲಾರ್ಥ ಬೆಂಕಿಯನ್ನು ಮುಚ್ಚು ಎಂದು. ರಾತ್ರಿಯ ಗಂಟೆ ಬಾರಿಸಿದೊಡನೆ ಒಲೆಯ ಕೆಂಡ ಮುಚ್ಚುವ ಮನೆಯ ಕೆಲಸದಿಂದ ಬಂದ ಪದವದು. ಕೋಲಾರದ ಗಣಿಯ ಕೆಲಸಗಾರನನ್ನೋ ಬೆಂಗಳೂರಿನ ಕೂಲಿಯವನನ್ನೋ ಕಾವೇರಿಯ ಹಂಚಿಕೆಗೆ ಹೊಣೆಯಾಗಿಸಲು ಯಾವ ನಿಘಂಟೂ ಹೇಳಿಕೊಟ್ಟಿರಲಿಲ್ಲ. 'ದೇ' ಎಂಬ ಪುಟ್ಟ ಸರ್ವನಾಮ, ಕನ್ನಡದ 'ಅವರು', ಆ ಕೆಲಸವನ್ನು ಮಾಡಿತು. ಕಷ್ಟದ ಪದಗಳ ಪಟ್ಟಿಯಲ್ಲಿ ಎಂದೂ ಸೇರದ ಈ ಸರ್ವನಾಮಗಳೇ ನೆರೆಹೊರೆಯ ಸುದ್ದಿಯಲ್ಲಿ ಅತಿ ಹೆಚ್ಚು ಎಚ್ಚರದಿಂದ ಓದಬೇಕಾದ ಪದಗಳು.

ಒಂದೇ ಘಟನೆಗೆ ನೆರೆಯವರಿಬ್ಬರೂ ಎರಡು ಬೇರೆ ಶಬ್ದಕೋಶಗಳನ್ನು ಬಳಸುವುದು ಈ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಪ್ರಸಿದ್ಧ ಶಾಸನವು ಇದಕ್ಕೆ ಉತ್ತಮ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧ, ಗಂಗರ ಬೂತುಗನು ರಾಜಾದಿತ್ಯನನ್ನು ಕೊಂದುದು, ಬೂತುಗನ ವೀರ ಮಣಲೆರನು ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದುದು, ಆ ನಾಯಿ ಹಂದಿಯೊಡನೆ ಕಾದಾಡಿ ಮಡಿದುದು, ಇವೆಲ್ಲವೂ ಆ ಕಲ್ಲಿನಲ್ಲಿವೆ. ಇಲ್ಲಿ ರಾಜಾದಿತ್ಯ ಕೊಲ್ಲಲ್ಪಟ್ಟ ಶತ್ರು. ಅದೇ ರಾಜಾದಿತ್ಯನನ್ನು ತಮಿಳು ಶಾಸನಗಳು ಆನೆಯ ಮೇಲೆ 'ತುಂಜಿದ' ದೇವನೆಂದು, ಅಂದರೆ ಆನೆಯ ಮೇಲೆಯೇ ನಿದ್ರಿಸಿದವನೆಂದು, ಗೌರವದಿಂದ ನೆನೆಯುತ್ತವೆ. ಕೊಂದದ್ದು ಎಂಬ ಕ್ರಿಯೆಗೆ ಕರ್ತೃವಿದ್ದಾನೆ. ನಿದ್ರಿಸಿದ್ದು ಎಂಬ ಕ್ರಿಯೆಯಲ್ಲಿ ಕೊಂದವನ ಹೆಸರೇ ಮರೆಯಾಗಿದೆ. ಆತಕೂರಿನ ಕಲ್ಲನ್ನು ಮಾತ್ರ ಓದಿದವನಿಗೂ ಚೋಳರ ದಾಖಲೆಯನ್ನು ಮಾತ್ರ ಓದಿದವನಿಗೂ ತಕ್ಕೋಲದ ಯುದ್ಧ ಅರ್ಧವಷ್ಟೇ ತಿಳಿದಂತಾಯಿತು.

ಆತಕೂರಿನ ಕಲ್ಲಿಗೆ ಸುಮಾರು ನೂರ ಎಪ್ಪತ್ತು ವರ್ಷಗಳ ಅನಂತರ, ಅದೇ ಸೀಮೆಯ ತಿಪ್ಪೂರಿನ 1117ರ ಶಾಸನ ಇನ್ನೊಂದು ಪ್ರಸಂಗವನ್ನು ತಿಳಿಸುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡಿನಲ್ಲಿದ್ದ ಚೋಳರ ಸಾಮಂತ ಅದಿಯಮನಿಗೆ ನಾಡನ್ನು ಬಿಟ್ಟುಕೊಡುವಂತೆ ಕೇಳಿದಾಗ, ಕಾದಾಡಿ ತೆಗೆದುಕೋ ಎಂಬುದೇ ಅವನ ಉತ್ತರವಾಗಿತ್ತು. ಇಂದಿನ ಪತ್ರಿಕೆ ಇದನ್ನು 'ಅಲ್ಟಿಮೇಟಮ್ ರಿಜೆಕ್ಟೆಡ್' ಎಂದು ಎರಡೇ ಪದಗಳಲ್ಲಿ ಮುಗಿಸುತ್ತಿತ್ತು. ಗೆದ್ದ ಗಂಗರಾಜನು ಪಾರಿತೋಷಕವಾಗಿ ಪಡೆದ ತಿಪ್ಪೂರನ್ನು ತನಗೆಂದು ಇಟ್ಟುಕೊಳ್ಳದೆ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟನು. ಆ ಕೊನೆಯ ವಾಕ್ಯವನ್ನು ಬರೆಯಲು ಮಾತ್ರ ಯುದ್ಧದ ಪದಪಟ್ಟಿಯಲ್ಲಿ ಯಾವ ಪದವೂ ಇಲ್ಲ.

ಗಡಿಯ ಪದಗಳು ಅಭ್ಯಾಸದ ಪುಸ್ತಕದಿಂದ ಎದ್ದು ಊರಿನ ಬೀದಿಗೇ ಬಂದದ್ದು 2019ರ ಫೆಬ್ರವರಿಯಲ್ಲಿ. 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್ ವಾಹನಗಳ ಸಾಲಿನ ಮೇಲೆ ನಡೆದ ದಾಳಿಯಲ್ಲಿ ಮಡಿದ ನಲವತ್ತು ಮಂದಿಯಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. 'ಕಾನ್ವಾಯ್' ಎಂಬ ಪದವನ್ನು ಅರ್ಥಸಹಿತ ಬರೆದುಕೊಂಡಿದ್ದ ಮಕ್ಕಳು, ದೇಹವನ್ನು ಹೊತ್ತು ಬಂದ ವಾಹನವನ್ನು ಕಾಣಲು ರಸ್ತೆಯ ಇಕ್ಕೆಲದಲ್ಲಿ ನಿಂತ ಜನಸಾಗರದಲ್ಲಿದ್ದರು. 'ಮಾರ್ಟಲ್ ರಿಮೇನ್ಸ್' ಎಂದು ಇಂಗ್ಲಿಷ್ ಪತ್ರಿಕೆ ಬರೆಯಿತು. 'ಪಾರ್ಥಿವ ಶರೀರ' ಎಂದು ಕನ್ನಡ ಪತ್ರಿಕೆ. ಮೊದಲನೆಯದರಲ್ಲಿ ಸಂಸ್ಕೃತದ 'ಮರ್ತ್ಯ'ಕ್ಕೆ ಸೋದರನಾದ ಪದವಿದೆ, ಎರಡನೆಯದರಲ್ಲಿ ಪೃಥಿವಿಯಿದೆ. ಎರಡೂ ಗೌರವದ ಪದಗಳೇ. ಆದರೆ ಆ ದಿನ ಊರಿನವರು ಆಡಿದ್ದು ಇವೆರಡನ್ನೂ ಅಲ್ಲ. ಹುಡುಗ ಬಂದ ಎಂದರು.

ಅದಾದ ಹನ್ನೆರಡು ದಿನಕ್ಕೆ, ಫೆಬ್ರವರಿ 26ರಂದು, ಬಾಲಾಕೋಟ್ ದಾಳಿಯನ್ನು ಭಾರತದ ವಿದೇಶಾಂಗ ಕಾರ್ಯದರ್ಶಿಗಳು 'ನಾನ್-ಮಿಲಿಟರಿ ಪ್ರಿಎಂಪ್ಟಿವ್ ಆಕ್ಷನ್' ಎಂದು ಬಣ್ಣಿಸಿದರು. ಸೇನೆಯನ್ನಾಗಲಿ ನಾಗರಿಕರನ್ನಾಗಲಿ ಗುರಿಯಾಗಿಸಿದ್ದಲ್ಲ, ಮುಂದೆ ನಡೆಯಬಹುದಾದುದನ್ನು ಮೊದಲೇ ತಡೆದದ್ದು ಎಂಬುದು ಅದರ ಅಭಿಪ್ರಾಯ. ಮರುದಿನ ಪಾಕಿಸ್ತಾನವು ತನ್ನ ದಾಳಿಯ ಬಗ್ಗೆ ಹೊರಡಿಸಿದ ಹೇಳಿಕೆಯಲ್ಲಿಯೂ ಗುರಿಯು 'ನಾನ್-ಮಿಲಿಟರಿ' ಎಂದೇ ಇತ್ತು. ವಿಮಾನಗಳು ಹಾರಿದ, ಬಾಂಬುಗಳು ಬಿದ್ದ ಎರಡು ದಿನಗಳಲ್ಲಿ ಎರಡೂ ದೇಶಗಳು ಒಂದೇ ವಿಶೇಷಣವನ್ನು ಆಶ್ರಯಿಸಿದ್ದವು. ಇದನ್ನು ಕೇವಲ ಪದಗಳ ಆಟವೆಂದು ತಳ್ಳಿಹಾಕುವಂತಿಲ್ಲ. ಯುದ್ಧ ಬೆಳೆಯದಿರಲೆಂದು ಇಬ್ಬರೂ ಬಿಟ್ಟುಕೊಂಡ ಒಂದು ಕಿರುದಾರಿ ಆ ವಿಶೇಷಣದಲ್ಲಿತ್ತು. ಗುಡಿಗೆರೆಯ ದುಃಖವನ್ನು ಕಂಡಿದ್ದ ವಿದ್ಯಾರ್ಥಿಗೆ ಆ ಪದ ಮೊದಲು ತಣ್ಣಗೆ ಕಂಡಿರಬೇಕು. ಇನ್ನೊಂದು ಊರಿಗೆ ಇನ್ನೊಂದು ವಾಹನ ಬಾರದಿರಲು ಅಂಥ ತಣ್ಣನೆಯ ಪದಗಳೂ ಬೇಕಾಗುತ್ತವೆ ಎಂಬುದು ಆಮೇಲೆ ತಿಳಿಯುವ ಪಾಠ.

ಇಂಥ ಪದಗಳನ್ನು ಆಡುವ ಕಾಯಕಕ್ಕೆ ಇದೇ ಸೀಮೆಯಿಂದ ಹೋದವರೊಬ್ಬರು ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್. ಎಂ. ಕೃಷ್ಣ. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆಗೆ ಆಯ್ಕೆಯಾದ ಅವರು, 2002ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯಾಗಿ ಕಾವೇರಿಯ ವಿಷಯಕ್ಕಾಗಿ ಬ���ಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಮಾಡಿದರು. 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿದ್ದಾಗ 2010ರ ಜುಲೈನಲ್ಲಿ ಇಸ್ಲಾಮಾಬಾದಿನಲ್ಲಿ ಮಾತುಕತೆಗೆ ಕುಳಿತರು. ಆ ದಿನಗಳ ಪತ್ರಿಕೆಗಳ ಪದ 'ಟ್ರಸ್ಟ್ ಡೆಫಿಸಿಟ್'. ಬಜೆಟ್ಟಿನ ಕೊರತೆಯನ್ನು ಹೇಳುವ ಪದವನ್ನು ನಂಬಿಕೆಗೆ ಹಚ್ಚಿದ ಈ ಜೋಡಣೆಯನ್ನು ಕನ್ನಡವು 'ವಿಶ್ವಾಸದ ಕೊರತೆ' ಎಂದು ಸುಲಭವಾಗಿ ಒಪ್ಪಿಕೊಂಡಿತು. 2012ರ ಸೆಪ್ಟೆಂಬರಿನಲ್ಲಿ ಅವರ ಇಸ್ಲಾಮಾಬಾದ್ ಭೇಟಿಯ ವೇಳೆ ವೀಸಾ ನಿಯಮಗಳನ್ನು ಸಡಿಲಗೊಳಿಸುವ ಒಪ್ಪಂದಕ್ಕೆ ಸಹಿಯಾಯಿತು. ಒಬ್ಬನೇ ವ್ಯಕ್ತಿ ಒಂದು ನೆರೆಯೊಡನೆ ತನ್ನ ಜನರ ಪರವಾಗಿ ಬೀದಿಯಲ್ಲಿ ನಡೆದದ್ದು, ಇನ್ನೊಂದು ನೆರೆಯೊಡನೆ ಮೇಜಿನ ಮುಂದೆ ಪದಗಳನ್ನು ಅಳೆದು ಆಡಿದ್ದು, ಎರಡೂ ಮಂಡ್ಯದ ಓದುಗನ ಕಣ್ಣೆದುರಿನಲ್ಲೇ ನಡೆಯಿತು.

ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ನೆಲೆ ಒದಗಿಸಿದ ನಿಘಂಟುಕಾರರಲ್ಲಿ ಅಗ್ರಗಣ್ಯರಾದ ಜಿ. ವೆಂಕಟಸುಬ್ಬಯ್ಯನವರು (1913-2021) ಅಧ್ಯಾಪಕ ವೃತ್ತಿಯ ಆರಂಭದಲ್ಲಿ ಮಂಡ್ಯದ ಪುರಸಭಾ ಪ್ರೌಢಶಾಲೆಯಲ್ಲಿ ಪಾಠ ಹೇಳಿದವರು. ಅವರ 'ಇಗೋ ಕನ್ನಡ' ಅಂಕಣ 'ಪ್ರಜಾವಾಣಿ'ಯಲ್ಲಿ ಆರಂಭವಾದ 1991ನೆಯ ಇಸವಿ, ಕಾವೇರಿಯ ಮಧ್ಯಂತರ ಆದೇಶದ ವರ್ಷವೂ ಹೌದು. ಓದುಗರು ಪದವೊಂದನ್ನು ಕೇಳಿದಾಗ ಅದರ ಅರ್ಥವಷ್ಟನ್ನೇ ಹೇಳದೆ, ಎಲ್ಲಿಂದ ಬಂತು, ಯಾರ ಬಾಯಲ್ಲಿ ಹೇಗೆ ಬದಲಾಯಿತು ಎಂಬುದನ್ನು ವಿವರಿಸುವ ಕ್ರಮ ಆ ಅಂಕಣದ್ದು. ನೆರೆಹೊರೆಯ ವೈಮನಸ್ಯದ ಸುದ್ದಿಯಿಂದ ಇಂಗ್ಲಿಷ್ ಕಲಿಯುವವರಿಗೆ ಬೇಕಾದ ಕ್ರಮವೂ ಅದೇ. ಎಡದ ಪದಕ್ಕೂ ಬಲದ ಅರ್ಥಕ್ಕೂ ಪಕ್ಕದಲ್ಲಿ ಮೂರನೆಯ ಒಂದು ಅಂಕಣವಿರಬೇಕು. ಈ ಪದವನ್ನು ಆಡಿದವರು ಯಾರು, ಯಾರ ಬಗ್ಗೆ ಆಡಿದರು, ಅದೇ ಸಂಗತಿಗೆ ಆಚೆಯವರ ಪತ್ರಿಕೆ ಬಳಸಿದ ಪದ ಯಾವುದು ಎಂಬುದನ್ನು ಅಲ್ಲಿ ಬರೆಯಬೇಕು. ಒಂದು ಪತ್ರಿಕೆಯ 'ಟೆರರಿಸ್ಟ್' ಇನ್ನೊಂದು ಪತ್ರಿಕೆಯಲ್ಲಿ 'ಮಿಲಿಟೆಂಟ್' ಆಗಿರುವುದು, ಒಬ್ಬರ 'ರಿಟ್ಯಾಲಿಯೇಶನ್' ಇನ್ನೊಬ್ಬರಿಗೆ 'ಪ್ರೊವೊಕೇಶನ್' ಆಗಿರುವುದು ಆಗ ತಾನಾಗಿಯೇ ಕಾಣುತ್ತದೆ. 'ರಿಟ್ಯಾಲಿಯೇಶನ್' ಎಂದೊಡನೆ ಮೊದಲು ಹೊಡೆದವನು ಎದುರಿನವನೆಂಬ ತೀರ್ಪು ಆ ಪದದೊಳಗೇ ಬಂದುಬಿಟ್ಟಿರುತ್ತದೆ. ಆ ತೀರ್ಪು ಸರಿಯಾಗಿಯೇ ಇರಬಹುದು. ಆದರೆ ಅದು ತೀರ್ಪೆಂಬುದು ಓದುವವನಿಗೆ ತಿಳಿದಿರಬೇಕು. ಇದರಿಂದ ದೇಶಾಭಿಮಾನಕ್ಕೇನೂ ಕುಂದಿಲ್ಲ. ಎದುರಾಳಿಯ ಮಾತನ್ನು ಸರಿಯಾಗಿ ಓದಬಲ್ಲವನೇ ಅದಕ್ಕೆ ಸರಿಯಾದ ಉತ್ತರವನ್ನೂ ಕೊಡಬಲ್ಲ.

ಹೀಗೆ ಕಲಿಯಬೇಕಾದ ಪದಗಳಲ್ಲಿ ತೀರ ಈಚಿನದು 'ಅಬೇಯನ್ಸ್'. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಮರುದಿನ, 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಸಹಿಯಾಗಿದ್ದ ಸಿಂಧೂ ಜಲ ಒಪ್ಪಂದವನ್ನು ಭಾರತ 'ಅಬೇಯನ್ಸ್'ನಲ್ಲಿಟ್ಟಿತು. ಗಡಿಯಾಚೆಯ ಭಯೋತ್ಪಾದನೆಗೆ ಕೊಡುವ ಬೆಂಬಲವನ್ನು ಪಾಕಿಸ್ತಾನ ನಂಬಲರ್ಹವಾಗಿ, ಹಿಂತೆಗೆದುಕೊಳ್ಳಲಾಗದಂತೆ ತೊರೆಯುವವರೆಗೆ ಎಂಬುದು ಅದಕ್ಕೆ ಹಾಕಿದ ಷರತ್ತು. ತೊರೆಯುವುದಕ್ಕೆ ಬಳಸಿದ 'ಅಬ್ಜ್ಯೂರ್' ಎಂಬ ಕ್ರಿಯಾಪದವೂ ಅಂದು ಅನೇಕರಿಗೆ ಹೊಸದು. ಕನ್ನಡದಲ್ಲಿ 'ಅಬೇಯನ್ಸ್' ಎಂಬುದು ಸ್ಥಗಿತ, ಅಮಾನತು, ರದ್ದು ಎಂದೆಲ್ಲ ಆಯಿತು. ರದ್ದು ಎಂದರೆ ಮುಗಿದುಹೋದದ್ದು. 'ಅಬೇಯನ್ಸ್' ಮುಗಿದದ್ದಲ್ಲ. ಬಾಯಿ ತೆರೆದು ಕಾಯುವುದು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದು, ಹಕ್ಕುದಾರ ಯಾರೆಂದು ಇನ್ನೂ ಗೊತ್ತಾಗದ ಆಸ್ತಿಯ ಬಗ್ಗೆ ಇಂಗ್ಲಿಷ್ ಕಾನೂನಿನಲ್ಲಿ ಬಳಕೆಯಾಗುತ್ತಿದ್ದ ಪದವದು. ಮುಚ್ಚಿದ್ದೂ ಅಲ್ಲ, ತೆರೆದದ್ದೂ ಅಲ್ಲ, ಕಾಯುತ್ತಿರುವ ಸ್ಥಿತಿ.

ಈ ಅರ್ಥವನ್ನು ಮಳವಳ್ಳಿಯ ಕೊನೆಯ ಭಾಗದ ಗದ್ದೆಯವನಿಗೆ ವಿವರಿಸಲು ನಿಘಂಟು ಬೇಕಾಗುವುದಿಲ್ಲ. ಮುಂಗಾರು ಕೈಕೊಟ್ಟ ವರ್ಷ ಕನ್ನಂಬಾಡಿಯ ಮಟ್ಟ ಇಳಿದು, ನಾಲೆಗೆ ನೀರು ಬಿಡುವರೋ ಇಲ್ಲವೋ ಎಂಬುದು ತೀರ್ಮಾನವಾಗದೆ, ಒಟ್ಲು ಹಾಕಬೇಕೋ ಬೇಡವೋ ಎಂದು ತಿಳಿಯದೆ ಬದುವಿನ ಮೇಲೆ ಕುಳಿತ ಆಷಾಢದ ದಿನಗಳು ಅವನಿಗೆ ಗೊತ್ತು. ಅದೇ ಸ್ಥಿತಿಯಲ್ಲಿ ತಂಜಾವೂರಿನಲ್ಲಿ ಒಬ್ಬನು ಕುಳಿತಿರುತ್ತಾನೆ, ಪಂಜಾಬಿನ ಆಚೆಯ ಭಾಗದಲ್ಲಿ ಇನ್ನೊಬ್ಬನು ಕುಳಿತಿರುತ್ತಾನೆ. ಯಾರ ಪಾಲು ಎಷ್ಟು, ಯಾರದು ತಪ್ಪು ಎಂಬುದನ್ನು ನ್ಯಾಯಮಂಡಳಿಗಳೂ ಸರ್ಕಾರಗಳೂ ತೀರ್ಮಾನಿಸಲಿ. 'ಅಬೇಯನ್ಸ್' ಎಂಬ ಪದದ ಎದುರು ಕನ್ನಡದ ಅರ್ಥವನ್ನು ಬರೆಯುವ ಮಂಡ್ಯದ ವಿದ್ಯಾರ್ಥಿ ಮಾತ್ರ, ಆ ಪದದ ಕೆಳದಂಡೆಯಲ್ಲಿ ಕುಳಿತವನನ್ನೂ ನೆನೆದು ಬರೆದರೆ, ಅವನ ಇಂಗ್ಲಿಷ್ ಪಾಠ ಪೂರ್ಣವಾಯಿತೆನ್ನಬಹುದು.